ಸರಿ ಯಾವುದು, ತಪ್ಪು ಯಾವುದು: ಕೆಂಗಲ್ ಸುತ್ತಿನ ಪ್ರಶ್ನೆಗಳಲ್ಲಿ ನೀತಿವಿಚಾರದ ಕಲಿಕೆ

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ರಾಮನಗರ ದಾಟಿ ಚನ್ನಪಟ್ಟಣ ಮುಟ್ಟುವ ಮೊದಲು ರಸ್ತೆಯ ಮಗ್ಗುಲಲ್ಲೇ ಕೆಂಗಲ್ ಆಂಜನೇಯಸ್ವಾಮಿಯ ಗುಡಿ ಸಿಗುತ್ತದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಇಲ್ಲಿ ದನಗಳ ಜಾತ್ರೆ ಕೂಡುತ್ತದೆ, ಹಳ್ಳಿಕಾರ್ ಎತ್ತುಗಳ ವ್ಯಾಪಾರ ನಡೆಯುತ್ತದೆ. ಒಂದು ಕಡೆಗೆ ಹೋದರೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಮತ್ತು ರಣಹದ್ದುಗಳ ರಾಮದೇವರ ಬೆಟ್ಟ. ಇನ್ನೊಂದು ಕಡೆಗೆ ಚನ್ನಪಟ್ಟಣದ ಬೊಂಬೆ ಕೆಲಸದ ಮನೆಗಳು. ಕನಕಪುರದ ಆಚೆ ಕಾವೇರಿ ಮತ್ತು ಅರ್ಕಾವತಿ ಕೂಡುವ ಸಂಗಮ, ಅದರ ಕೆಳಗೆ ಮೇಕೆದಾಟು. ಇವೆಲ್ಲ ಪ್ರವಾಸದ ಜಾಗಗಳೆಂದು ಗೊತ್ತಿರುವಷ್ಟು ಮಟ್ಟಿಗೆ, ಬಿಡಿಸಲು ಕಷ್ಟವಾದ ಧರ್ಮಸಂದೇಹಗಳ ಜಾಗಗಳೆಂದು ನಮಗೆ ಗೊತ್ತಿಲ್ಲ. ಒಂದು ಕೆಲಸ ಸರಿಯೇ ತಪ್ಪೇ ಎಂದು ಕಾರಣ ಕೊಟ್ಟು, ಕಾರಣ ಕೇಳಿ, ತೂಗಿ ನೋಡಿ ನಿರ್ಧರಿಸುವ ಅಭ್ಯಾಸಕ್ಕೆ ನೀತಿವಿಚಾರ ಎನ್ನಬಹುದು. ಅದನ್ನು ಕಲಿಯಲು ಬೇಕಾದ ಸಾಮಗ್ರಿ ಈ ಸೀಮೆಯಲ್ಲಿ ಧಾರಾಳವಾಗಿದೆ.

ನೀತಿಪಾಠಕ್ಕೂ ನೀತಿವಿಚಾರಕ್ಕೂ ಇರುವ ದೂರ

ನಮ್ಮ ಶಾಲೆಗಳಲ್ಲಿ ನೀತಿಪಾಠಕ್ಕೆ ಕೊರತೆಯಿಲ್ಲ. ಸುಳ್ಳು ಹೇಳಬಾರದು, ಕದಿಯಬಾರದು, ಹಿರಿಯರನ್ನು ಗೌರವಿಸಬೇಕು ಎಂಬ ಮಾತು ಗೋಡೆಯ ಮೇಲೂ ಇದೆ, ಪುಸ್ತಕದಲ್ಲೂ ಇದೆ. ಇವುಗಳಲ್ಲಿ ತಪ್ಪೇನೂ ಇಲ್ಲ. ತೊಡಕು ಶುರುವಾಗುವುದು ಎರಡು ಒಳ್ಳೆಯ ಮಾತುಗಳು ಒಂದಕ್ಕೊಂದು ಎದುರಾದಾಗ. ಹಿರಿಯರು ತಪ್ಪು ಮಾಡುತ್ತಿದ್ದರೆ ಗೌರವ ದೊಡ್ಡದೋ, ಸತ್ಯ ದೊಡ್ಡದೋ? ಇದಕ್ಕೆ ಗೋಡೆಬರಹದಲ್ಲಿ ಉತ್ತರವಿಲ್ಲ.

ವಿಧಾನಸೌಧದ ಮುಂಭಾಗದಲ್ಲಿ ಕೆತ್ತಿರುವ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಆ ಸೌಧವನ್ನು ಇಂದಿನ ರೂಪದಲ್ಲಿ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಇದೇ ನೆಲದವರು, 1908ರಲ್ಲಿ ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿದವರು. ಆ ಮಾತನ್ನು ಸಾವಿರ ಸಲ ಓದಿದ ಗುಮಾಸ್ತನಿಗೂ ಒಂದು ಸಂದೇಹ ಬರಬಹುದು. ಮೇಲಧಿಕಾರಿ ಹೇಳಿದ್ದನ್ನು ಮರುಮಾತಿಲ್ಲದೆ ಮಾಡುವುದು ದೇವರ ಕೆಲಸವೋ, ನಿಯಮ ಮೀರಿದ ಆದೇಶಕ್ಕೆ ಒಪ್ಪಿಗೆ ಇಲ್ಲ ಎಂದು ಕಡತದಲ್ಲಿ ಬರೆಯುವುದು ದೇವರ ಕೆಲಸವೋ? ಹೀಗೆ ಮಾಡುವವರೂ ಹಾಗೆ ಮಾಡುವವರೂ ಅದೇ ವಾಕ್ಯವನ್ನು ತಮ್ಮ ಪರವಾಗಿ ತೋರಿಸಬಹುದು. ಆದರ್ಶದ ಮಾತು ದಾರಿಯ ದಿಕ್ಕನ್ನು ಹೇಳುತ್ತದೆ, ಕವಲಿನಲ್ಲಿ ಯಾವ ಕಡೆ ತಿರುಗಬೇಕೆಂಬುದನ್ನು ವಿಚಾರದಿಂದಲೇ ಕಂಡುಕೊಳ್ಳಬೇಕು.

ಆಡಳಿತಕ್ಕೂ ಇದು ಮನವರಿಕೆಯಾಗಿದೆ. ಕೇಂದ್ರ ಲೋಕಸೇವಾ ಆಯೋಗ 2013ರಿಂದ ನಾಗರಿಕ ಸೇವೆಗಳ ಮುಖ್ಯ ಪರೀಕ್ಷೆಯಲ್ಲಿ ನೀತಿ ಮತ್ತು ಪ್ರಾಮಾಣಿಕತೆಗೆಂದೇ 250 ಅಂಕಗಳ ಒಂದು ಪತ್ರಿಕೆ ಇಟ್ಟಿದೆ. ಅದರಲ್ಲಿ ಸನ್ನಿವೇಶ ಕೊಟ್ಟು, ನೀವಾದರೆ ಏನು ಮಾಡುವಿರಿ, ಏಕೆ ಎಂದು ಕೇಳುತ್ತಾರೆ. ಸಂವಿಧಾನದ 51ಎ ವಿಧಿಯೂ ವೈಜ್ಞಾನಿಕ ಮನೋಭಾವ, ಮಾನವೀಯತೆ ಮತ್ತು ಪ್ರಶ್ನಿಸಿ ತಿಳಿಯುವ ಗುಣವನ್ನು ಪ್ರಜೆಯ ಕರ್ತವ್ಯಗಳ ಸಾಲಿನಲ್ಲಿ ಸೇರಿಸಿದೆ. ಪರೀಕ್ಷೆಗೆ ಕೂರುವವರಷ್ಟೇ ಕಲಿಯಬೇಕಾದ ವಿದ್ಯೆ ಇದಲ್ಲ. ಹತ್ತನೇ ತರಗತಿಯೊಳಗೆ ಇದರ ಅಭ್ಯಾಸ ಶುರುವಾಗಬೇಕು ಎಂಬುದು ಈ ಲೇಖಕನ ನಂಬಿಕೆ.

ಮೊದಲು ಸಂಗತಿ, ಆಮೇಲೆ ತೀರ್ಪು: ರಣಹದ್ದುಗಳ ಪಾಠ

ರಾಮದೇವರ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. 2012ರಲ್ಲಿ ಸರ್ಕಾರ ಸುಮಾರು 346 ಹೆಕ್ಟೇರ್ ಜಾಗವನ್ನು ರಣಹದ್ದು ಧಾಮವೆಂದು ಘೋಷಿಸಿತು. ಅಷ್ಟರಲ್ಲಿ ಭಾರತದ ರಣಹದ್ದುಗಳು ಹೆಚ್ಚುಕಡಿಮೆ ಮುಗಿದೇ ಹೋಗಿದ್ದವು. 1990ರ ದಶಕದ ಆರಂಭದಿಂದ 2007ರ ಹೊತ್ತಿಗೆ ಉದ್ದಕೊಕ್ಕಿನ ಜಾತಿಯಲ್ಲಿ ನೂರಕ್ಕೆ 96ಕ್ಕಿಂತ ಹೆಚ್ಚು ಹಕ್ಕಿಗಳು ಇಲ್ಲವಾದವು.

ಕಾರಣ ಏನೆಂದು ಬಹುಕಾಲ ಯಾರಿಗೂ ತಿಳಿಯಲಿಲ್ಲ. ರೋಗವೆಂದರು, ಕೀಟನಾಶಕವೆಂದರು. ಕೊನೆಗೆ 2004ರಲ್ಲಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದಲ್ಲಿ ನಡೆಸಿದ ಸಂಶೋಧನೆಯಿಂದ ಡೈಕ್ಲೊಫೆನಾಕ್ ಎಂಬ ನೋವು ನಿವಾರಕ ಔಷಧಿ ಸಿಕ್ಕಿಬಿತ್ತು. ಬಾವು ಬಂದ, ಕುಂಟುತ್ತಿದ್ದ ದನಗಳಿಗೆ ಕೊಡುತ್ತಿದ್ದ ಅಗ್ಗದ ಮದ್ದು ಅದು. ಆ ದನ ಸತ್ತ ಮೇಲೆ ಅದರ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡ ಕೆಲಸ ನಿಲ್ಲಿಸುತ್ತಿತ್ತು. ಭಾರತ 2006ರಲ್ಲಿ ದನಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ಬದಲಿಗೆ ಮೆಲಾಕ್ಸಿಕಾಮ್ ಇತ್ತು, ಅದರಿಂದ ಹದ್ದುಗಳಿಗೆ ತೊಂದರೆಯಿಲ್ಲ.

ನೀತಿವಿಚಾರ ಕಲಿಯುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಎತ್ತಿನ ನೋವು ನೋಡಲಾರದೆ ಸೂಜಿ ಹಾಕಿಸಿದ ರೈತ ದಯೆಯಿಂದಲೇ ಹಾಗೆ ಮಾಡಿದ. ಮದ್ದು ಕೊಟ್ಟ ಪಶುವೈದ್ಯನೂ ಅಷ್ಟೆ. ಇಬ್ಬರ ಮೌಲ್ಯದಲ್ಲೂ ಕೊರತೆಯಿರಲಿಲ್ಲ, ಕೊರತೆ ಇದ್ದದ್ದು ಮಾಹಿತಿಯಲ್ಲಿ. ನಮ್ಮ ಬಹಳಷ್ಟು ಜಗಳಗಳನ್ನು ಮೌಲ್ಯದ ಜಗಳ ಎಂದುಕೊಳ್ಳುತ್ತೇವೆ, ಕೆದಕಿ ನೋಡಿದರೆ ಸಂಗತಿಯ ಜಗಳವಾಗಿರುತ್ತದೆ. ಹಾಗಾಗಿ ಮೊದಲ ಹೆಜ್ಜೆ ಬೇರ್ಪಡಿಸುವುದು: ಇದು ನಡೆದದ್ದರ ಬಗ್ಗೆ ಇರುವ ಭಿನ್ನಾಭಿಪ್ರಾಯವೇ, ನಡೆಯಬೇಕಾದ್ದರ ಬಗ್ಗೆ ಇರುವುದೇ? ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 18ನೇ ಶತಮಾನದಲ್ಲೇ ಎಚ್ಚರಿಸಿದ ವಿಷಯ ಇದು. ‘ಹೀಗಿದೆ’ ಎಂಬುದನ್ನು ಎಷ್ಟು ಪೇರಿಸಿದರೂ ಅದರಿಂದ ‘ಹೀಗಿರಬೇಕು’ ಎಂಬುದು ತಾನಾಗಿ ಹುಟ್ಟುವುದಿಲ್ಲ, ನಡುವೆ ಒಂದು ಮೌಲ್ಯ ಬೇಕು. ಅದೇ ರೀತಿ ಸಂಗತಿ ತಪ್ಪಿದ್ದರೆ ಎಂಥ ಮೌಲ್ಯವೂ ದಾರಿ ತಪ್ಪಿಸುತ್ತದೆ.

ಹಕ್ಕಿ ಹೋದರೆ ಹೋಗಲಿ ಎನ್ನುವವರಿಗೂ ಇಲ್ಲಿ ಉತ್ತರವಿದೆ. ಈಯಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ರಣಹದ್ದುಗಳು ಇಲ್ಲವಾಗಿ ಸತ್ತ ದನಗಳು ಕೊಳೆತು, ನಾಯಿಗಳೂ ರೋಗಗಳೂ ಹೆಚ್ಚಿದ್ದರಿಂದ 2000ರಿಂದ 2005ರ ನಡುವೆ ಭಾರತದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಸಾವುಗಳಾದವು. ಕೊಟ್ಟಿಗೆಯಲ್ಲಿ ತೆಗೆದುಕೊಂಡ ನಿರ್ಧಾರ ಎಲ್ಲಿಯವರೆಗೆ ಮುಟ್ಟುತ್ತದೆಂದು ಮೊದಲೇ ಪೂರ್ತಿ ತಿಳಿಯುವುದು ಯಾರಿಗೂ ಸಾಧ್ಯವಿಲ್ಲ. ತಿಳಿದ ಮೇಲೆ ಬದಲಾಯಿಸದಿದ್ದರೆ ಮಾತ್ರ ಅದು ತಪ್ಪು.

ಗೂಡಿನೊಳಗಿನ ಜೀವ

ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ರೇಷ್ಮೆ ಕೃಷಿ ಇಲ್ಲಿನ ಹಳ್ಳಿಗಳ ಬದುಕನ್ನೇ ರೂಪಿಸಿದೆ. ಹಿಪ್ಪುನೇರಳೆ ಸೊಪ್ಪು ತಿಂದು, ನಾಲ್ಕು ಜ್ವರ ಎದ್ದು, ಅಂದರೆ ನಾಲ್ಕು ಸಲ ಪೊರೆ ಬಿಟ್ಟು, ಹಣ್ಣಾದ ಹುಳು ಗೂಡು ಕಟ್ಟುವ ತಟ್ಟಿಯಾದ ಚಂದ್ರಿಕೆಗೆ ಹತ್ತಿ ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಒಳಗೆ ಅದು ಕೋಶವಾಗಿ ಮಾರ್ಪಟ್ಟು, ಸುಮಾರು ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಬರಬೇಕು. ಹೊರಬಂದರೆ ಎಳೆ ತುಂಡಾಗುತ್ತದೆ. ಆದ್ದರಿಂದ ರೈತ ಗೂಡನ್ನು ಬೇಗ ಮಾರುಕಟ್ಟೆಗೆ ತರುತ್ತಾನೆ, ಹರಾಜಿನಲ್ಲಿ ಕೊಂಡ ರೀಲರ್ ಅದನ್ನು ಹಬೆಗೆ ಅಥವಾ ಬಿಸಿಲಿಗೆ ಒಡ್ಡಿ ಒಳಗಿನ ಜೀವವನ್ನು ಕೊಲ್ಲುತ್ತಾನೆ. ಆಮೇಲೆ ಕುದಿಯುವ ನೀರಿನಲ್ಲಿ ಅಂಟು ಬಿಡಿಸಿ, ಎಳೆಯ ತುದಿ ಹಿಡಿದು, ಹಲವು ಗೂಡುಗಳ ಎಳೆ ಸೇರಿಸಿ ನೂಲು ಬಿಚ್ಚುತ್ತಾನೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಏಳೆಂಟು ಕಿಲೋ ಹಸಿಗೂಡು ಬೇಕು. ಗೂಡೊಂದರ ತೂಕ ಒಂದೂವರೆಯಿಂದ ಎರಡು ಗ್ರಾಂ. ಲೆಕ್ಕ ಹಾಕಿದರೆ ಕಿಲೋಗೆ ನಾಲ್ಕೈದು ಸಾವಿರ ಜೀವ.

ಇದು ತಪ್ಪೇ? ಈ ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸಿದರೆ ನೀತಿವಿಚಾರದ ಅರ್ಧ ಪಾಠ ಮುಗಿದಂತೆ.

‘ಮೊದಲಿನಿಂದಲೂ ನಡೆದುಬಂದಿದೆ, ಪೂಜೆಗೆ ಮಡಿಗೆ ಪಟ್ಟೆಯೇ ಶ್ರೇಷ್ಠ’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಮೊದಲ ಮಾತು. ಇದು ರೇಷ್ಮೆ ಏಕೆ ಇದೆ ಎಂದು ಹೇಳುತ್ತದೆ, ಇರಬೇಕೇ ಎಂದು ಹೇಳುವುದಿಲ್ಲ. ಅಸ್ಪೃಶ್ಯತೆಯೂ ಮೊದಲಿನಿಂದ ನಡೆದುಬಂದದ್ದೇ. ಹಾಗೆಂದು ಸಂಪ್ರದಾಯಕ್ಕೆ ಬೆಲೆಯೇ ಇಲ್ಲವೆಂದಲ್ಲ. ಮದುವೆಯ ಸೀರೆಯ ಜೊತೆ ಜನರ ನೆನಪು, ಪ್ರೀತಿ ಕೂಡಿಕೊಂಡಿವೆ, ಅವುಗಳಿಗೂ ತಕ್ಕಡಿಯಲ್ಲಿ ಜಾಗವಿದೆ.

ಎರಡನೆಯ ಮಾತು ಜೀವನೋಪಾಯದ್ದು. ಎರಡು ಎಕರೆ ಹೊಲದವನಿಗೆ ವರ್ಷದಲ್ಲಿ ಹಲವು ಬೆಳೆ ಕೊಟ್ಟು ಕೈಗೆ ನಗದು ತರುವ ಕಸುಬು ಇದು. ಇದು ಗಟ್ಟಿಯಾದ ಕಾರಣ. ಆದರೂ ಅದರ ವ್ಯಾಪ್ತಿ ನೋಡಬೇಕು. ರೈತನ ಬಡತನ ರೈತನ ಕೈಯನ್ನು ಸಮರ್ಥಿಸಬಹುದು, ಬೇರೆ ಬಟ್ಟೆ ಕೊಳ್ಳಬಲ್ಲ ಶ್ರೀಮಂತನ ಆಯ್ಕೆಯನ್ನೂ ಅದೇ ಕಾರಣ ಅಷ್ಟೇ ಬಲವಾಗಿ ಸಮರ್ಥಿಸುತ್ತದೆಯೇ? ಕೊಳ್ಳುವವರಿಲ್ಲದಿದ್ದರೆ ರೈತನ ಬದುಕೂ ಇಲ್ಲ ಎಂದು ಎದುರು ವಾದಿಸಬಹುದು. ಒಳ್ಳೆಯ ಚರ್ಚೆ ಇಲ್ಲಿಂದ ಕಾವೇರುತ್ತದೆ.

ಮೂರನೆಯದು, ಹುಳುವಿಗೆ ನೋವಾಗುತ್ತದೆಯೇ ಎಂಬುದು. ಪ್ರಾಣಿಗಳು ಯೋಚಿಸಬಲ್ಲವೇ ಎಂದು ಕೇಳುವುದಕ್ಕಿಂತ ಅವು ನೋವುಣ್ಣಬಲ್ಲವೇ ಎಂದು ಕೇಳಬೇಕೆಂದು ಇಂಗ್ಲೆಂಡಿನ ಜೆರೆಮಿ ಬೆಂಥಮ್ 1789ರಲ್ಲಿ ಬರೆದ. ಜೈನ ಶಾಸ್ತ್ರಕಾರರು ಅದಕ್ಕೂ ಬಹಳ ಹಿಂದೆಯೇ ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ಒಂದರಿಂದ ಐದರವರೆಗೆ ವಿಂಗಡಿಸಿ, ಇಂದ್ರಿಯ ಹೆಚ್ಚಿದಷ್ಟೂ ಹಿಂಸೆಯ ತೂಕ ಹೆಚ್ಚೆಂದು ಕಂಡಿದ್ದರು. ಕೋಶಾವಸ್ಥೆಯ ಹುಳುವಿನ ಅನುಭವ ಎಂಥದೆಂದು ವಿಜ್ಞಾನ ಇನ್ನೂ ಖಚಿತವಾಗಿ ಹೇಳಿಲ್ಲ. ಕೀಟಗಳಿಗೆ ಅಪಾಯದ ಅರಿವು, ಒಂದು ಬಗೆಯ ಸಂಕಟ ಇರಬಹುದೆಂಬ ಸುಳಿವುಗಳಿವೆ. ಖಚಿತವಿಲ್ಲದಾಗ ಏನು ಮಾಡಬೇಕು? ಅನುಮಾನವಿದ್ದರೆ ಕೊಲ್ಲಬೇಡ ಎಂಬುದು ಒಂದು ನಿಲುವು. ಅನುಮಾನದ ಪ್ರಮಾಣಕ್ಕೂ ತೆರಬೇಕಾದ ಬೆಲೆಗೂ ಹೊಂದಿಸು ಎಂಬುದು ಇನ್ನೊಂದು.

ನಾಲ್ಕನೆಯದಾಗಿ, ಪರ್ಯಾಯ. ಹೈದರಾಬಾದಿನ ಕುಸುಮ ರಾಜಯ್ಯನವರು ಚಿಟ್ಟೆ ಹೊರಬಂದ ಮೇಲೆ ನೂಲು ತೆಗೆಯುವ ‘ಅಹಿಂಸಾ ರೇಷ್ಮೆ’ಯನ್ನು ಬಳಕೆಗೆ ತಂದರು. ಕೇಳಿದ ಕೂಡಲೇ ಮನಸ್ಸಿಗೆ ಹಿತವಾಗುತ್ತದೆ. ಆದರೆ ಸಾಕಿದ ರೇಷ್ಮೆ ಚಿಟ್ಟೆ ಹಾರಲಾರದು, ಏನೂ ತಿನ್ನುವುದಿಲ್ಲ, ಕೆಲವೇ ದಿನ ಬದುಕುತ್ತದೆ. ಹೆಣ್ಣೊಂದು 300–500 ಮೊಟ್ಟೆ ಇಡುತ್ತದೆ. ಅವೆಲ್ಲ ಒಡೆದರೆ ಮೇಯಿಸಲು ಸೊಪ್ಪು ಎಲ್ಲಿಂದ ಬರಬೇಕು? ಬಿಟ್ಟರೆ ಮರಿಗಳು ಹಸಿದು ಸಾಯುತ್ತವೆ. ಕೊಲ್ಲುವುದು ಮತ್ತು ಸಾಯಲು ಬಿಡುವುದು ಈ ಎರಡರ ನಡುವಿನ ಅಂತರ ಎಷ್ಟು ಎಂಬ ಹಳೆಯ ಪ್ರಶ್ನೆ ಇಲ್ಲಿ ಮೊಟ್ಟೆಯ ಹಾಳೆಯ ಮೇಲೆ ಕಣ್ಣಿಗೆ ಕಾಣುವಂತೆ ಇದೆ. ಹತ್ತಿ ಬಟ್ಟೆ ತೊಟ್ಟವರು ನಿರ್ದೋಷಿಗಳೆನ್ನುವಂತೆಯೂ ಇಲ್ಲ, ಹತ್ತಿಯ ಹೊಲಕ್ಕೆ ಹೊಡೆಯುವ ಔಷಧಿಯಿಂದ ಸಾಯುವ ಕೀಟಗಳ ಲೆಕ್ಕ ಯಾರೂ ಇಟ್ಟಿಲ್ಲ.

‘ನಾವು ಸಾಕದಿದ್ದರೆ ಈ ಹುಳು ಹುಟ್ಟುತ್ತಲೇ ಇರಲಿಲ್ಲ, ಆದ್ದರಿಂದ ಕೊಲ್ಲುವ ಹಕ್ಕು ನಮಗಿದೆ’ ಎಂದೂ ಕೆಲವರು ಹೇಳುತ್ತಾರೆ. ಇದನ್ನು ಪರೀಕ್ಷಿಸಲು ಒಂದು ಸರಳ ಉಪಾಯವಿದೆ. ಅದೇ ಕಾರಣವನ್ನು ಎತ್ತಿ ಬೇರೆ ಕಡೆ ಇಟ್ಟು ನೋಡುವುದು. ಕೆಂಗಲ್ ಜಾತ್ರೆಗೆ ಬಂದ ಹಳ್ಳಿಕಾರ್ ಎತ್ತನ್ನೂ ಮನುಷ್ಯನೇ ಸಾಕಿ ಬೆಳೆಸಿದ್ದು. ಸಾಕಿದ್ದೇನೆಂಬ ಕಾರಣಕ್ಕೆ ಅದನ್ನು ಹಿಂಸಿಸಬಹುದೇ? ಕೂಡದು ಎನ್ನುವಿರಾದರೆ ಹುಳುವಿನ ವಿಷಯದಲ್ಲಿ ಆ ಕಾರಣವನ್ನು ಕೈಬಿಡಬೇಕು, ಇಲ್ಲವೇ ಎತ್ತಿಗೂ ಹುಳುವಿಗೂ ಇರುವ ವ್ಯತ್ಯಾಸ ಯಾವುದೆಂದು ತೋರಿಸಬೇಕು. ಒಂದೇ ಬಗೆಯ ಪ್ರಕರಣಗಳಿಗೆ ಒಂದೇ ಬಗೆಯ ನ್ಯಾಯ ಎಂಬ ಈ ಪರೀಕ್ಷೆಯಷ್ಟು ಉಪಯುಕ್ತವಾದ ಸಲಕರಣೆ ನೀತಿವಿಚಾರದಲ್ಲಿ ಇನ್ನೊಂದಿಲ್ಲ.

ನನ್ನ ನಿಲುವು ಹೇಳಬೇಕೆಂದರೆ, ಹುಳುವಿನ ಸಾವಿಗೆ ತೂಕವಿದೆ, ಒಂದು ಕುಟುಂಬದ ಬದುಕಿನಷ್ಟು ತೂಕವಿಲ್ಲ. ಅಪರೂಪಕ್ಕೆ ಕೊಂಡು ತಲೆಮಾರುಗಟ್ಟಲೆ ಉಡುವ ಸೀರೆಗೂ, ಒಂದು ಸಲ ಉಟ್ಟು ಮೂಲೆಗೆಸೆಯುವ ಸೀರೆಗೂ ವ್ಯತ್ಯಾಸವಿದೆ. ಓದುಗರು ಒಪ್ಪದಿರಬಹುದು. ಒಪ್ಪದಿರಲು ಮೇಲಿನ ಮಾತುಗಳಲ್ಲಿ ಯಾವುದನ್ನು ಅಲ್ಲಗಳೆಯುತ್ತೀರೆಂದು ಹೇಳಿದರೆ ಚರ್ಚೆ ಮುಂದೆ ಹೋಗುತ್ತದೆ.

ಹಿಟ್ಟಿನ ಹುಂಜ ಮತ್ತು ಮನಸ್ಸಿನ ಹಿಂಸೆ

ಕನ್ನಡದಲ್ಲಿ ನೀತಿವಿಚಾರ ಹೊರಗಿನಿಂದ ಬಂದ ವಿದ್ಯೆಯಲ್ಲ. ಜನ್ನನ ‘ಯಶೋಧರ ಚರಿತೆ’ 1209ರ ಕೃತಿ. ಅದರಲ್ಲಿ ರಾಜ ಯಶೋಧರ ಜೀವವಿರುವ ಪ್ರಾಣಿಯನ್ನು ಬಲಿ ಕೊಡಲೊಲ್ಲದೆ, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನಿಂದ ಮಾಡಿದ ಹುಂಜವನ್ನು ಕಡಿಯುತ್ತಾನೆ. ರಕ್ತ ಹರಿಯಲಿಲ್ಲ, ಪ್ರಾಣ ಹೋಗಲಿಲ್ಲ. ಆದರೂ ಕೊಲ್ಲುವ ಸಂಕಲ್ಪ ಮಾಡಿದ್ದಕ್ಕಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ನೋಯುತ್ತಾರೆ. ಗಿರೀಶ ಕಾರ್ನಾಡರು ಇದೇ ಕಥೆಯನ್ನು ‘ಹಿಟ್ಟಿನ ಹುಂಜ’ ನಾಟಕವಾಗಿಸಿದರು.

ಫಲವನ್ನೇ ಅಳತೆಗೋಲು ಮಾಡಿಕೊಂಡವರಿಗೆ ಈ ಕಥೆ ಅರ್ಥವಾಗುವುದಿಲ್ಲ. ಯಾರಿಗೂ ಏನೂ ಆಗದಿದ್ದ ಮೇಲೆ ಪಾಪ ಎಲ್ಲಿಯದು? ಉದ್ದೇಶವನ್ನೇ ಅಳತೆಗೋಲು ಮಾಡಿಕೊಂಡವರಿಗೆ ರಣಹದ್ದಿನ ಕಥೆಯಲ್ಲಿ ತಪ್ಪೇ ಕಾಣುವುದಿಲ್ಲ, ಮದ್ದು ಕೊಟ್ಟವರ ಮನಸ್ಸು ಶುದ್ಧವಾಗಿತ್ತಲ್ಲ. ಎರಡು ಕಥೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿಸಿದರೆ ಹದಿನಾಲ್ಕು ವರ್ಷದ ಮಕ್ಕಳಿಗೂ ಒಂದು ಸಂಗತಿ ಹೊಳೆಯುತ್ತದೆ: ಕೆಲಸವನ್ನು ಅಳೆಯುವುದು ಒಂದು, ಮಾಡಿದವರನ್ನು ಅಳೆಯುವುದು ಇನ್ನೊಂದು. ಬೆಂಥಮ್‌ನ ಫಲವಾದ, ಜರ್ಮನಿಯ ಇಮ್ಯಾನುಯೆಲ್ ಕಾಂಟ್‌ನ ಕರ್ತವ್ಯವಾದ, ಅರಿಸ್ಟಾಟಲ್‌ನಿಂದ ಬಂದ ಸದ್ಗುಣದ ವಿಚಾರ, ಈ ಮೂರೂ ಒಂದೇ ನೋಟಕ್ಕೆ ಪೂರ್ತಿ ದಕ್ಕದ ಪ್ರಶ್ನೆಯನ್ನು ಬೇರೆ ಬೇರೆ ಕಡೆಯಿಂದ ಹಿಡಿಯುತ್ತವೆ.

ಕುದಿನೀರಿನ ಮುಂದೆ ಮಕ್ಕಳು

ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ಒಂದು ವರದಿ ಪ್ರಕಟಿಸಿತು. ಅದರಲ್ಲಿ ಕರ್ನಾಟಕದ ನೂಲು ಬಿಚ್ಚುವ ಘಟಕಗಳ ಸ್ಥಿತಿಯೂ ಇತ್ತು. ಕುದಿನೀರಿನಲ್ಲಿ ಬೆರಳದ್ದಿ ಗೂಡಿನ ಎಳೆ ಹುಡುಕುವ, ಹಬೆ ಮತ್ತು ಕೊಳೆತ ಕೋಶದ ನಾತದ ನಡುವೆ ಹೊತ್ತೆಲ್ಲ ನಿಲ್ಲುವ, ಪೋಷಕರು ಪಡೆದ ಮುಂಗಡಕ್ಕೆ ಒತ್ತೆಯಾಗಿ ದುಡಿಯುವ ಮಕ್ಕಳ ಮಾತುಗಳನ್ನು ಅದು ದಾಖಲಿಸಿತು. ಜೀತ ನಿಷೇಧದ ಕಾಯ್ದೆ 1976ರಲ್ಲೇ ಬಂದಿತ್ತು, ಬಾಲಕಾರ್ಮಿಕ ಕಾಯ್ದೆ 1986ರಲ್ಲಿ ಬಂದಿತ್ತು.

ಇಂಥ ಕಡೆ ಕೇಳಿಬರುತ್ತಿದ್ದ ಸಮರ್ಥನೆಗಳನ್ನು ಒಂದೊಂದಾಗಿ ಬಿಡಿಸುವುದು ವಿಚಾರದ ಒಳ್ಳೆಯ ಅಭ್ಯಾಸ. ‘ಚಿಕ್ಕ ಬೆರಳಿಗೆ ಎಳೆ ಬೇಗ ಸಿಗುತ್ತದೆ.’ ಇದು ಮೊದಲು ಸಂಗತಿಯಾಗಿಯೇ ಅನುಮಾನಾಸ್ಪದ, ನುರಿತ ದೊಡ್ಡವರು ಇನ್ನೂ ಚುರುಕಾಗಿ ಮಾಡುತ್ತಾರೆ. ನಿಜವೆಂದೇ ಇಟ್ಟುಕೊಂಡರೂ ಒಬ್ಬರಿಂದ ನನಗೆ ಲಾಭವಿದೆ ಎಂಬುದು ಅವರನ್ನು ಬಳಸಿಕೊಳ್ಳಲು ಅನುಮತಿಯಲ್ಲ. ‘ಕೆಲಸ ಕೊಡದಿದ್ದರೆ ಉಪವಾಸ ಬೀಳುತ್ತಾರೆ.’ ಇದರಲ್ಲಿ ಸತ್ಯದ ಅಂಶವಿದೆ, ಆದರೆ ಮಗುವಿನ ದುಡಿಮೆ ಅಥವಾ ಉಪವಾಸ ಎಂಬ ಎರಡೇ ದಾರಿ ಇದೆಯೆಂದು ಅದು ಮೊದಲೇ ತೀರ್ಮಾನಿಸಿಬಿಟ್ಟಿದೆ. ಅದೇ ಕೆಲಸಕ್ಕೆ ತಾಯಿಗೋ ತಂದೆಗೋ ನ್ಯಾಯವಾದ ಕೂಲಿ ಕೊಡುವ ಮೂರನೆಯ ದಾರಿಯನ್ನು ಯಾರು ಮುಚ್ಚಿದರು? ‘ಅವರೇ ಒಪ್ಪಿ ಬಂದಿದ್ದಾರೆ.’ ಒಂಬತ್ತು ವರ್ಷದ ಮಗುವಿನ ಒಪ್ಪಿಗೆಗೂ, ಸಾಲದಲ್ಲಿ ಮುಳುಗಿದ ತಂದೆಯ ಒಪ್ಪಿಗೆಗೂ ಒಪ್ಪಿಗೆ ಎಂಬ ಹೆಸರು ಸಲ್ಲುವುದೇ?

ಇದೇ ಪ್ರಶ್ನೆ ಬೇರೆ ರೂಪದಲ್ಲಿ ವಿಧಾನಸೌಧದ ಕಲ್ಲುಗಳಲ್ಲೂ ಇದೆ. ಅದರ ನಿರ್ಮಾಣದಲ್ಲಿ ಸೆರೆಮನೆಯ ಕೈದಿಗಳೂ ದುಡಿದರು. ಕೈದಿಯ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1998ರಲ್ಲಿ.

2016ರ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ಎಲ್ಲ ಕಸುಬುಗಳಲ್ಲೂ ನಿಷೇಧಿಸಿತು. ಶಾಲೆಯ ಹೊತ್ತು ಮುಗಿದ ಮೇಲೆ, ಅಪಾಯವಿಲ್ಲದ ಮನೆಯ ಕಸುಬಿನಲ್ಲಿ ಕೈಜೋಡಿಸಲು ಅವಕಾಶ ಬಿಟ್ಟಿತು. ಚಂದ್ರಿಕೆಯಿಂದ ಗೂಡು ಬಿಡಿಸಲು ಅಜ್ಜಿಯ ಪಕ್ಕ ಕೂರುವ ಮೊಮ್ಮಗಳಿಗೂ ಜೀತದ ಮಗುವಿಗೂ ಗೆರೆ ಎಲ್ಲಿ ಎಳೆಯಬೇಕು? ಗೆರೆ ಎಳೆಯುವುದು ಕಷ್ಟ ಎಂಬುದರಿಂದ ಎರಡೂ ಒಂದೇ ಎಂದಾಗುವುದಿಲ್ಲ. ಮುಸ್ಸಂಜೆ ಯಾವ ನಿಮಿಷಕ್ಕೆ ಶುರುವಾಯಿತೆಂದು ಹೇಳಲಾಗದಿದ್ದರೂ ಹಗಲಿಗೂ ರಾತ್ರಿಗೂ ವ್ಯತ್ಯಾಸ ಇದ್ದೇ ಇದೆ.

ಸ್ಥಾನದ ಹೊಣೆ: ಹನುಮಂತಯ್ಯನವರು ಎದುರಿಸಿದ ಕವಲು

1952ರಿಂದ 1956ರವರೆಗೆ ಮೈಸೂರಿನ ಮುಖ್ಯಮಂತ್ರಿಯಾಗಿದ್ದ ಹನುಮಂತಯ್ಯನವರ ಮುಂದೆ ಕರ್ನಾಟಕದ ಏಕೀಕರಣದ ಪ್ರಶ್ನೆ ಬಂತು. ರಾಜ್ಯಗಳ ಪುನರ್ವಿಂಗಡಣೆಗೆಂದು ನೇಮಕವಾದ ಫಜಲ್ ಅಲಿ ಆಯೋಗ 1955ರಲ್ಲಿ ವರದಿ ಕೊಟ್ಟಾಗ ಹಳೆ ಮೈಸೂರಿನ ಹಲವು ನಾಯಕರಿಗೆ ಆತಂಕವಿತ್ತು. ಆಡಳಿತ, ನೀರಾವರಿ, ವಿದ್ಯುತ್ತಿನಲ್ಲಿ ಮುಂದಿದ್ದ ಮೈಸೂರು ಬೇರೆ ಭಾಗಗಳ ಹೊರೆ ಹೊರಬೇಕಾಗುತ್ತದೆ, ವಿಶಾಲ ರಾಜ್ಯದಲ್ಲಿ ಒಕ್ಕಲಿಗರ ರಾಜಕೀಯ ಬಲ ಕುಗ್ಗುತ್ತದೆ ಎಂಬುದು ಅದರ ತಿರುಳು. ಹನುಮಂತಯ್ಯನವರೂ ಅದೇ ಸಮುದಾಯದವರು. ಆದರೂ ಏಕೀಕರಣದ ಪರ ನಿಂತರು. 1956ರ ಆಗಸ್ಟಿನಲ್ಲಿ, ಹೊಸ ರಾಜ್ಯ ನವೆಂಬರ್ 1ರಂದು ಹುಟ್ಟುವ ಮೊದಲೇ, ಸ್ವಪಕ್ಷದವರ ಬೆಂಬಲ ಕಳೆದುಕೊಂಡು ಅಧಿಕಾರ ಬಿಟ್ಟರು.

ಈಗ ಇದನ್ನು ಹೊಗಳಿ ಮುಂದೆ ಹೋಗುವುದು ಸುಲಭ. ವಿಚಾರಕ್ಕೆ ಇಳಿದರೆ ಎದುರಾಳಿಗಳ ಮಾತನ್ನೂ ಅದರ ಬಲವಾದ ರೂಪದಲ್ಲಿ ಮಂಡಿಸಬೇಕು. ಆರಿಸಿ ಕಳಿಸಿದ ಜನರ ಹಿತ ಕಾಯುವುದು ಪ್ರತಿನಿಧಿಯ ಮೊದಲ ಹೊಣೆಯಲ್ಲವೇ? ತೆರಿಗೆ ಕಟ್ಟಿ ಅಣೆಕಟ್ಟು ಕಟ್ಟಿಸಿಕೊಂಡವರು ಅದರ ಫಲ ತಮಗಿರಲಿ ಎನ್ನುವುದು ಬರೀ ಸ್ವಾರ್ಥವೇ? ಆ ಕಡೆಯವರು ಜಾತಿಯ ಲೆಕ್ಕದಿಂದ ಮಾತನಾಡಿದರು ಎಂದು ತೋರಿಸಿಬಿಟ್ಟರೆ ಹೊರೆಯ ಬಗ್ಗೆ ಅವರಾಡಿದ ಮಾತು ಸುಳ್ಳಾಗುವುದಿಲ್ಲ. ಆಡಿದವರ ಉದ್ದೇಶ ಬೇರೆ, ಆಡಿದ ಮಾತಿನ ಬಲ ಬೇರೆ. ಹೀಗೆ ಎದುರು ಪಕ್ಷಕ್ಕೆ ಪೂರ್ತಿ ನ್ಯಾಯ ಕೊಟ್ಟ ಮೇಲೆಯೂ ಹನುಮಂತಯ್ಯನವರ ನಿಲುವೇ ಮೇಲೆಂದು ನನಗೆ ಕಾಣುತ್ತದೆ. ಬಳ್ಳಾರಿ, ಧಾರವಾಡ, ಕಲಬುರಗಿಯ ಕನ್ನಡಿಗರನ್ನು ಲೆಕ್ಕದ ಹೊರಗಿಟ್ಟು ‘ನಮ್ಮ ಹಿತ’ ಎನ್ನುವಾಗ ಆ ‘ನಮ್ಮ’ದ ಗಡಿ ಯಾವುದೋ ಕಾಲದ ಯುದ್ಧ ಮತ್ತು ಒಪ್ಪಂದಗಳಿಂದ ಬಂದದ್ದು. ಆಕಸ್ಮಿಕವಾಗಿ ಬಿದ್ದ ಗೆರೆಗೆ ನೀತಿಯ ಬಲ ಎಲ್ಲಿಂದ ಬರಬೇಕು?

ಮೇಕೆದಾಟು: ಒಂದೇ ತಕ್ಕಡಿಗೆ ಬಾರದ ವಸ್ತುಗಳು

ಕನಕಪುರ ತಾಲ್ಲೂಕಿನ ಮೇಕೆದಾಟು ಯೋಜನೆಯ ಪ್ರಸ್ತಾವದಲ್ಲಿ ಸುಮಾರು 67 ಟಿಎಂಸಿ ನೀರಿನ ಸಂಗ್ರಹ, ಬೆಂಗಳೂರಿಗೆ ಕುಡಿಯುವ ನೀರು, 400 ಮೆಗಾವಾಟ್ ವಿದ್ಯುತ್ ಇವೆ. ಮುಳುಗುವ ಜಾಗ ಸುಮಾರು 5,000 ಹೆಕ್ಟೇರ್, ಅದರಲ್ಲಿ ದೊಡ್ಡ ಪಾಲು ಕಾವೇರಿ ವನ್ಯಜೀವಿಧಾಮದ ಮತ್ತು ಮೀಸಲು ಅರಣ್ಯದ ಕಾಡು. ಕೆಳಗಿನ ತಮಿಳುನಾಡಿನ ರೈತರ ಆತಂಕ ಬೇರೆ.

ಇಲ್ಲಿ ಬಾಯಾರಿದ ನಗರ, ಮುಳುಗುವ ಕಾಡು, ಎದ್ದುಹೋಗಬೇಕಾದ ಹಳ್ಳಿ, ಕೆಳಹರಿವಿನ ಗದ್ದೆ, ಆನೆಗಳ ದಾರಿ ಎಲ್ಲವೂ ಒಟ್ಟಿಗೆ ಬರುತ್ತವೆ. ಎಲ್ಲವನ್ನೂ ರೂಪಾಯಿಗೆ ಇಳಿಸಿ ಕೂಡಿ ಕಳೆಯಬಹುದು ಎನ್ನುವವರಿದ್ದಾರೆ. ಆಗ ಸಂಖ್ಯೆ ಹೆಚ್ಚಿರುವ ನಗರವೇ ಪ್ರತಿಸಲವೂ ಗೆಲ್ಲುತ್ತದೆ, ಯಾರಿಗೆ ಲಾಭ ಯಾರಿಗೆ ನಷ್ಟ ಎಂಬ ಪ್ರಶ್ನೆ ಕಳೆದುಹೋಗುತ್ತದೆ. ಹಕ್ಕುಗಳ ಭಾಷೆಯಲ್ಲಿ ಮಾತನಾಡಿದರೆ ಕುಡಿಯುವ ನೀರಿನ ಹಕ್ಕೂ ಹಕ್ಕೇ, ಊರು ಬಿಡದಿರುವ ಹಕ್ಕೂ ಹಕ್ಕೇ. ಅಮರ್ತ್ಯ ಸೇನ್ 2009ರಲ್ಲಿ ನ್ಯಾಯದ ಬಗ್ಗೆ ಬರೆದ ಪುಸ್ತಕದಲ್ಲಿ ಹೇಳಿದ್ದು ಇಲ್ಲಿ ನೆರವಾಗುತ್ತದೆ. ಪರಿಪೂರ್ಣ ನ್ಯಾಯದ ಚಿತ್ರ ಸಿಗುವವರೆಗೆ ಕಾಯಬೇಕಿಲ್ಲ, ಮುಂದಿರುವ ದಾರಿಗಳಲ್ಲಿ ಯಾವುದು ಹೆಚ್ಚು ಅನ್ಯಾಯದ್ದು ಎಂದು ಹೋಲಿಸಿ ನೋಡಬಹುದು. ಹಾಗೆ ಹೋಲಿಸಲು ಹೊರಟರೆ, ಬೆಂಗಳೂರಿನ ಕೊಳವೆಗಳಲ್ಲಿ ಸೋರಿಹೋಗುವ ನೀರು, ಹಿಡಿಯದೆ ಬಿಡುವ ಮಳೆನೀರು, ಚರಂಡಿಗಳಾಗಿರುವ ಕೆರೆಗಳು ಎಲ್ಲವೂ ಚರ್ಚೆಯೊಳಗೆ ಬರಬೇಕು. ಈ ವಿಷಯದಲ್ಲಿ ನಿಲುವು ತಳೆಯುವವರು ಯಾವ ಸಂಗತಿ ಬದಲಾದರೆ ತಮ್ಮ ನಿಲುವು ಬದಲಾಗುತ್ತದೆ ಎಂದೂ ಹೇಳಬಲ್ಲವರಾಗಿರಬೇಕು.

ಎಡವುವ ಜಾಗ

ಅಮೆರಿಕದ ಮನಃಶಾಸ್ತ್ರಜ್ಞ ಜೊನಾಥನ್ ಹೈಟ್ 2001ರಲ್ಲಿ ಒಂದು ಅಹಿತಕರ ವಾದ ಮುಂದಿಟ್ಟರು. ನಾವು ಬಹುಪಾಲು ಮೊದಲು ತೀರ್ಪು ಕೊಟ್ಟುಬಿಡುತ್ತೇವೆ, ಕಾರಣಗಳನ್ನು ಆಮೇಲೆ ಹುಡುಕುತ್ತೇವೆ. ವಕೀಲನ ಕೆಲಸ ಮಾಡುತ್ತಾ ನ್ಯಾಯಾಧೀಶರೆಂದು ತಿಳಿದಿರುತ್ತೇವೆ. ಇದು ಪೂರ್ತಿ ನಿಜವಲ್ಲದಿದ್ದರೂ ಸಾಕಷ್ಟು ನಿಜ. ಒಬ್ಬರೇ ಕೂತು ಯೋಚಿಸಿದರೆ ಈ ದೋಷ ಕಾಣುವುದಿಲ್ಲ. ಒಪ್ಪದ ಒಬ್ಬರಾದರೂ ಎದುರಿಗೆ ಬೇಕು, ಅವರಿಗೆ ಹೆದರಿಕೆಯಿಲ್ಲದೆ ಮಾತನಾಡುವ ಅವಕಾಶವೂ ಬೇಕು. ಹನ್ನೆರಡನೇ ಶತಮಾನದ ಶರಣರ ಅನುಭವ ಮಂಟಪದ ಪರಂಪರೆಯನ್ನು ನೆನೆಯುವಾಗ ಅಲ್ಲಿ ಹೆಂಗಸರೂ ಕಾಯಕದ ಜನರೂ ಮಾತನಾಡಿದರು ಎಂಬುದನ್ನು ಹೆಮ್ಮೆಯಿಂದ ಹೇಳುತ್ತೇವೆ. ಬಾಧೆಗೊಳಗಾಗುವವರು ಕೂತಿಲ್ಲದ ಸಭೆಯಲ್ಲಿ ಆದ ತೀರ್ಮಾನ ಮೂಲದಲ್ಲೇ ಅರೆಬರೆ.

ಮನಸ್ಸಿನ ಬೆಳವಣಿಗೆಯ ಅಧ್ಯಯನದಲ್ಲೂ ಇದೇ ಪಾಠ ಸಿಕ್ಕಿತು. ಮನಃಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ ನೈತಿಕ ವಿಚಾರ ಬೆಳೆಯುವ ಹಂತಗಳನ್ನು ಗುರುತಿಸಿದ್ದು ಹುಡುಗರ ಉತ್ತರಗಳನ್ನು ಕೇಳಿ. ಹೆಂಗಸರು ಸಂಬಂಧ ಮತ್ತು ಆರೈಕೆಯ ನೆಲೆಯಿಂದ ಯೋಚಿಸುವುದನ್ನು ಆ ಅಳತೆಗೋಲು ಕೆಳಗಿನ ಹಂತವೆಂದು ಎಣಿಸುತ್ತದೆಂದು ಕ್ಯಾರಲ್ ಗಿಲಿಗನ್ 1982ರಲ್ಲಿ ವಾದಿಸಿದರು.

ತರಗತಿಯಲ್ಲಿ

1970ರ ದಶಕದಲ್ಲಿ ಅಮೆರಿಕದ ಮ್ಯಾಥ್ಯೂ ಲಿಪ್‌ಮನ್ ಮಕ್ಕಳೊಡನೆ ತತ್ವವಿಚಾರ ನಡೆಸುವ ಪದ್ಧತಿ ರೂಪಿಸಿದರು. ಮಕ್ಕಳು ಸುತ್ತ ಕೂತು ಕಥೆ ಓದುತ್ತಾರೆ, ಪ್ರಶ್ನೆಯನ್ನು ಅವರೇ ಎತ್ತುತ್ತಾರೆ, ಮೇಷ್ಟ್ರು ಉತ್ತರ ಕೊಡದೆ ‘ಏಕೆ?’, ‘ಅದು ಎಲ್ಲ ಸಂದರ್ಭಕ್ಕೂ ಸಲ್ಲುತ್ತದೆಯೇ?’ ಎಂದಷ್ಟೇ ಕೇಳುತ್ತಾರೆ. ಕನ್ನಡದ ತರಗತಿಗೆ ಇದಕ್ಕೆ ಗೋವಿನ ಹಾಡಿಗಿಂತ ಒಳ್ಳೆಯ ಪಠ್ಯ ಬೇಕಿಲ್ಲ. ಸತ್ಯಕ್ಕೆ ತಪ್ಪದ ಪುಣ್ಯಕೋಟಿಯನ್ನು ಕೊಂಡಾಡಿ ಪಾಠ ಮುಗಿಸುವ ಬದಲು ಕೇಳಬಹುದು: ಹುಲಿಗೆ ಕೊಟ್ಟ ಮಾತು ದೊಡ್ಡದೋ, ಹಾಲು ಕುಡಿಯುವ ಕರುವಿನ ಹೊಣೆ ದೊಡ್ಡದೋ? ಪ್ರಾಣಭಯದಲ್ಲಿ ಕೊಟ್ಟ ಮಾತಿಗೆ ಬದ್ಧತೆ ಎಷ್ಟು? ಹಸಿದ ಹುಲಿ ಬೇಟೆಯಾಡುವುದು ತಪ್ಪೇ? ಕರುವನ್ನು ತಮ್ಮದೆಂದು ನೋಡಿಕೊಳ್ಳಲು ಒಪ್ಪಿದ ಉಳಿದ ಹಸುಗಳಿಂದ ಪ್ರಶ್ನೆ ಬದಲಾಯಿತೇ?

ಇಂಥ ಕಲಿಕೆಯಿಂದ ನಡತೆ ಬದಲಾಗುತ್ತದೆಯೇ ಎಂಬ ಅನುಮಾನ ನ್ಯಾಯವಾದದ್ದೇ. ತತ್ವಶಾಸ್ತ್ರಜ್ಞ ಎರಿಕ್ ಶ್ವಿಟ್ಸ್‌ಗೆಬೆಲ್ ಮತ್ತು ಜೋಶುವಾ ರಸ್ಟ್ ಪರಿಶೀಲಿಸಿ ನೋಡಿದಾಗ ನೀತಿಶಾಸ್ತ್ರ ಕಲಿಸುವ ಪ್ರಾಧ್ಯಾಪಕರ ನಡತೆ ಬೇರೆ ಪ್ರಾಧ್ಯಾಪಕರಿಗಿಂತ ಮೇಲಾಗಿ ಕಾಣಲಿಲ್ಲ. ಅದೇ ಶ್ವಿಟ್ಸ್‌ಗೆಬೆಲ್ ಮುಂದೆ ಬ್ರಾಡ್ ಕೋಕ್‌ಲೆಟ್ ಮತ್ತು ಪೀಟರ್ ಸಿಂಗರ್ ಜೊತೆ ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಫಲ ತೋರಿಸಿತು. ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯದ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಕೆಲವರು ಮಾಂಸಾಹಾರದ ನೀತಿಯ ಬಗ್ಗೆ, ಉಳಿದವರು ದಾನದ ಬಗ್ಗೆ ಚರ್ಚಿಸಿದರು. ಮೊದಲ ಗುಂಪಿನವರು ಕ್ಯಾಂಟೀನಿನಲ್ಲಿ ಮಾಂಸದ ಊಟ ಕೊಳ್ಳುವ ಪ್ರಮಾಣ ನೂರಕ್ಕೆ 52ರಿಂದ 45ಕ್ಕೆ ಇಳಿಯಿತು, ಎರಡನೆಯ ಗುಂಪಿನಲ್ಲಿ ಇಳಿಯಲಿಲ್ಲ. ಬದಲಾವಣೆ ಚಿಕ್ಕದು, ಆದರೆ ನಿಜವಾದದ್ದು. ಹೊಟ್ಟೆಗೆ, ಕೈಗೆ ಹತ್ತಿರವಾದ ಒಂದೇ ಪ್ರಶ್ನೆಯನ್ನು ಆಳವಾಗಿ ಚರ್ಚಿಸಿದ್ದು ಅದಕ್ಕೆ ಕಾರಣವಿರಬಹುದು.

ಈ ಸೀಮೆಯ ಶಾಲೆಗೆ ಅಂಥ ಪ್ರಶ್ನೆಯನ್ನು ಮೇಜಿನ ಮೇಲೆ ಇಡಬೇಕೆಂದರೆ ಚನ್ನಪಟ್ಟಣದ ಒಂದು ಬೊಂಬೆ ಸಾಕು. ಹಾಲೆ ಮರವನ್ನು ಲೇತ್ ಯಂತ್ರದ ಮೇಲೆ ತಿರುಗಿಸಿ ಕಡೆದು, ಬಣ್ಣ ಬೆರೆಸಿದ ಅರಗನ್ನು ಒತ್ತಿ ಹಿಡಿದು ಹೊಳಪು ಬರಿಸುತ್ತಾರೆ. ಮಕ್ಕಳು ಬಾಯಿಗಿಟ್ಟರೂ ಅಪಾಯವಿಲ್ಲವೆಂಬ ಹೆಸರು ಇದಕ್ಕಿದೆ, ಭೌಗೋಳಿಕ ಗುರುತೂ ಸಿಕ್ಕಿದೆ. ಆ ಅರಗು ಮರದ ಕೊಂಬೆಗೆ ಅಂಟಿ ಬದುಕುವ ಕೀಟಗಳು ಸ್ರವಿಸುವ ರಾಳ, ಅದನ್ನು ಕೆರೆದು ಸಂಸ್ಕರಿಸುವಾಗ ಲೆಕ್ಕವಿಲ್ಲದಷ್ಟು ಕೀಟಗಳೂ ಸಾಯುತ್ತವೆ. ರೇಷ್ಮೆ ಸೀರೆ ಬೇಡವೆಂದು ವಾದಿಸಿದ ಹುಡುಗಿಯ ಕೈಗೆ ಈ ಬೊಂಬೆ ಕೊಟ್ಟು, ಸೀರೆ ಇರಲಿ ಎಂದ ಹುಡುಗನಿಗೆ ಪ್ಲಾಸ್ಟಿಕ್ ಬೊಂಬೆಯೊಂದನ್ನು ಕೊಟ್ಟು, ಇಬ್ಬರೂ ತಮ್ಮ ಹಿಂದಿನ ಮಾತಿಗೆ ತಪ್ಪದಂತೆ ವಾದಿಸಬೇಕೆಂದು ಹೇಳಿದರೆ ಒಂದು ಪೀರಿಯಡ್ ಸಾಲುವುದಿಲ್ಲ.